ಗ್ಯಾಸ್ ತುಂಬಿದೆ, ಗಾಡಿ ಯಾಕೆ ಬೆಚ್ಚಗಾಗ್ತಿಲ್ಲ?

ಹಳೇ ಯಂತ್ರ, ಹೊಸ ತಲೆನೋವು | ಕಂತು 6

ಮೋಟರ್‌ಹೋಮ್ ಗೊತ್ತಲ್ಲ? ಹಾಸಿಗೆ, ಒಲೆ, ಬಚ್ಚಲು ಎಲ್ಲಾ ಒಳಗೇ ಇರೋ ಬಸ್ಸಿನಂಥ ಗಾಡಿ. ಅಮೆರಿಕದ ಚಳಿಗಾಲದಲ್ಲಿ ಅದನ್ನು ಬೆಚ್ಚಗಿಡೋದು ಪ್ರೊಪೇನ್ ಫರ್ನೇಸ್. ಅದು ಸರಿಯಾಗಿ ಕಾಯದಿದ್ರೆ ಎಲ್ಲರೂ ಮೊದಲು ಬೈಯೋದು ಗ್ಯಾಸನ್ನೇ. ಪಾಪ, ಅದರ ಕಥೆ ಸ್ವಲ್ಪ ಕೇಳಿ.

1910, ಪಿಟ್ಸ್‌ಬರ್ಗ್. ಕೊಂಡ ಪೆಟ್ರೋಲು ಮನೆ ಮುಟ್ಟೋಷ್ಟರಲ್ಲಿ ಅರ್ಧ ಆವಿಯಾಗಿರುತ್ತೆ ಅಂತ ಮಾಡೆಲ್ ಟಿ ಕಾರಿನ ಮಾಲೀಕನೊಬ್ಬ ದೂರಿದನಂತೆ. ಸರ್ಕಾರಿ ಗಣಿ ಇಲಾಖೆಯ ರಸಾಯನಶಾಸ್ತ್ರಜ್ಞ ವಾಲ್ಟರ್ ಸ್ನೆಲ್ಲಿಂಗ್ ಜಾಡಿಯಲ್ಲಿ ಪೆಟ್ರೋಲು ಒಯ್ಯುವಾಗ ಬಿರಡೆ ಮತ್ತೆ ಮತ್ತೆ ಹಾರಿತು. ಹಾರಿಸುತ್ತಿದ್ದ ಆವಿಯಲ್ಲಿ ಅವನಿಗೆ ಸಿಕ್ಕಿದ್ದೇ ಪ್ರೊಪೇನ್. 1913ರಲ್ಲಿ ಪೇಟೆಂಟ್ ಬಂತು, ಅದನ್ನು 50,000 ಡಾಲರಿಗೆ ಮಾರಿಬಿಟ್ಟ. (ಇವತ್ತಿನ ವ್ಯಾಪಾರ ನೋಡಿದ್ರೆ ನಮಗೇ ಹೊಟ್ಟೆ ಉರಿಯುತ್ತೆ!)

ಬಿರಡೆ ಹಾರಿಸಿದ ಆ ಗುಣವೇ ಚಳಿಯಲ್ಲಿ ಕೈ ಹಿಡಿಯೋದು. ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲೇ ಕುದಿಯುತ್ತೆ. ಬ್ಯೂಟೇನ್ ಹಾಗಲ್ಲ, ಸೊನ್ನೆ ಡಿಗ್ರಿ ಹತ್ತಿರ ಬಂದ್ರೆ ದ್ರವವಾಗಿಯೇ ಕೂತುಬಿಡುತ್ತೆ. ನಮ್ಮ ಅಡುಗೆ ಸಿಲಿಂಡರಿನಲ್ಲಿ ಎರಡೂ ಬೆರೆತಿರುತ್ತೆ. ಆ ಹಿಮಕ್ಕೆ ಅದು ನಡೆಯಲ್ಲ.

ಹಾಗಾದ್ರೆ ತಪ್ಪು ಯಾರದ್ದು? ಮುಚ್ಚಿದ ಗಾಡಿಯಲ್ಲಿ ಬೆಂಕಿ ಸರಿಯಾಗಿ ಉರಿಯದಿದ್ರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದವರು ಏಳೋದೇ ಇಲ್ಲ. ಅದಕ್ಕೇ ಫರ್ನೇಸಿನ ಬೆಂಕಿಯನ್ನು ಮುಚ್ಚಿದ ಪೆಟ್ಟಿಗೆಗೆ ಹಾಕಿದರು. ಉರಿಯೋಕೆ ಗಾಳಿ ಹೊರಗಿಂದ, ಹೊಗೆಯೂ ಹೊರಕ್ಕೇ. ಸುಮಾರು ಕಾಲುಭಾಗ ಶಾಖ ಆ ಕೊಳವೆಯಲ್ಲೇ ಹೋಗುತ್ತೆ. ಅದನ್ನು ದಂಡ ಅನ್ನಬೇಡಿ, ಜೀವದ ಬೆಲೆ ಅದು. ಉಳಿತಾಯಕ್ಕೆ ಅಂತ ಅಡುಗೆ ಒಲೆ ಹಚ್ಚಿಟ್ಟು ಮಲಗೋರೂ ಇದ್ದಾರೆ, ದಯವಿಟ್ಟು ಬೇಡ.

ಗಾಳಿ ಆಡಿಸೋಕೆ ಫ್ಯಾನ್ ಬೇಕಾಯ್ತು, ಫ್ಯಾನಿಗೆ 12 ವೋಲ್ಟ್ ಬ್ಯಾಟರಿ. ಹೀಗೆ ಗ್ಯಾಸ್ ಒಲೆಯೊಂದು ಕರೆಂಟಿನ ಮರ್ಜಿಗೆ ಬಿತ್ತು ನೋಡಿ. ಫ್ಯಾನಿನ ಗಾಳಿಗೆ ಒಂದು ಪುಟ್ಟ ತಗಡಿನ ರೆಕ್ಕೆ ಸರಿದರೆ ಮಾತ್ರ ಗ್ಯಾಸ್ ವಾಲ್ವ್ ತೆರೆಯುತ್ತೆ. ಸೈಲ್ ಸ್ವಿಚ್ ಅಂತಾರೆ ಅದನ್ನ. ಬ್ಯಾಟರಿ ಸೊರಗಿದ್ರೆ ಫ್ಯಾನ್ ನಿಧಾನ, ರೆಕ್ಕೆ ಕದಲಲ್ಲ, ಬರೀ ತಣ್ಣನೆ ಗಾಳಿ ಬೀಸ್ತಾ ಇರುತ್ತೆ.

ಹಾಗಾಗಿ ಸಿಲಿಂಡರ್ ಬದಲಿಸೋ ಮುಂಚೆ ಬ್ಯಾಟರಿಗೆ ಮೀಟರ್ ಹಿಡೀರಿ. ಗಾಳಿ ಎಳೆಯೋ ಜಾಲರಿಗೆ ಚೀಲ ಒರಗಿಸಿಟ್ಟಿದ್ದೀರಾ, ಹಾಸಿಗೆ ಕೆಳಗಿನ ಡಕ್ಟ್ ಮಡಚಿಕೊಂಡಿದೆಯಾ ನೋಡಿ. ಆಮೇಲೆ ಆ ರೆಕ್ಕೆ. ಎಷ್ಟೋ ಸಲ ಅಲ್ಲಿ ಸಿಕ್ಕಿರೋದು ನಾಯಿ ಕೂದಲು.