ಕಳ್ಳನೂ ತಾನೇ, ಕಾವಲುಗಾರನೂ ತಾನೇ

1988ರ ನವೆಂಬರ್ 2ರಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ತಾನು ಬರೆದ ಪುಟ್ಟ ಪ್ರೋಗ್ರಾಮೊಂದನ್ನು ಇಂಟರ್‌ನೆಟ್‌ಗೆ ಹರಿಯಬಿಟ್ಟ. ತನ್ನನ್ನೇ ನಕಲು ಮಾಡಿಕೊಳ್ಳುತ್ತ ಹಬ್ಬಿದ ಅದು ಸಾವಿರಾರು ಕಂಪ್ಯೂಟರುಗಳಿಗೆ ಏದುಸಿರು ಬಿಡಿಸಿತು. ಆತನ ತಂದೆಯೋ ಸರ್ಕಾರದ ಕಂಪ್ಯೂಟರ್ ಭದ್ರತಾ ಕೇಂದ್ರದ ಮುಖ್ಯ ವಿಜ್ಞಾನಿ! 1990ರಲ್ಲಿ ನ್ಯಾಯಾಲಯ ಮಗನಿಗೆ 3 ವರ್ಷಗಳ ಪ್ರೊಬೇಷನ್, 400 ಗಂಟೆಗಳ ಸಮಾಜಸೇವೆ, 10,050 ಡಾಲರ್ ದಂಡ ವಿಧಿಸಿತು. ಅದೇ ಮಾರಿಸ್ ಮುಂದೆ ಎಂಐಟಿಯಲ್ಲಿ ಪ್ರಾಧ್ಯಾಪಕರಾದರು.

ಬೀಗ ಮುರಿಯುವ ಬುದ್ಧಿ ಬೀಗ ಮಾಡುವವನಿಗೂ ಬೇಕು. ಆದರೆ ಅದನ್ನು ಕಲಿಯುವುದೆಲ್ಲಿ? ಕಂಡವರ ಯಂತ್ರಕ್ಕೆ ಕೈ ಹಾಕಿದರೆ ಅಪರಾಧ. ಬರೀ ಪುಸ್ತಕ ಓದಿದರೆ ಈಜು ಬಾರದು. ಈ ಇಕ್ಕಟ್ಟಿನಿಂದ ಪಾರಾಗಲು ಅಧ್ಯಾಪಕರಿಗೆ ಸಿಕ್ಕಿದ್ದು ಒಂದು ಆಟ. ಎದುರಾಳಿಗಳ ಬಾವುಟವನ್ನು ಕಿತ್ತು ತರುವ ಮಕ್ಕಳ ಆಟದ ಹೆಸರೇ ಇದಕ್ಕೂ ಬಂದಿದೆ: ‘ಕ್ಯಾಪ್ಚರ್ ದ ಫ್ಲ್ಯಾಗ್’.

1990ರ ದಶಕದಲ್ಲಿ ಇದು ಲಾಸ್ ವೇಗಸ್‌ನ ‘ಡೆಫ್‌ಕಾನ್’ ಎಂಬ ಹ್ಯಾಕರುಗಳ ಸಮಾವೇಶದಲ್ಲಿ ಬೆಳೆಯಿತು. ಇದನ್ನು ತರಗತಿಗೆ ತಂದವರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ (ಸಾಂಟಾ ಬಾರ್ಬರಾ) ಪ್ರಾಧ್ಯಾಪಕ ಜೊವಾನಿ ವಿನ್ಯ ಪ್ರಮುಖರು. 2001 ಮತ್ತು 2002ರಲ್ಲಿ ತಮ್ಮ ವಿದ್ಯಾರ್ಥಿಗಳಿಗಷ್ಟೇ ಆಡಿಸಿದ ಆಟವನ್ನು 2003ರ ಡಿಸೆಂಬರಿನಲ್ಲಿ ಅವರು ಅಮೆರಿಕದ ಬೇರೆ ವಿಶ್ವವಿದ್ಯಾಲಯಗಳಿಗೂ ತೆರೆದರು. 14 ತಂಡಗಳು ಬಂದವು. ಮರುವರ್ಷ ಯುರೋಪಿನ ತಂಡಗಳೂ ಸೇರಿದವು.

ಆಟದ ಸ್ವಾರಸ್ಯ ಅದರ ನಿಯಮದಲ್ಲಿದೆ. ಪ್ರತಿ ತಂಡಕ್ಕೂ ಒಂದೇ ಬಗೆಯ ಸರ್ವರ್. ಅದರೊಳಗೆ ಬೇಕೆಂದೇ ಉಳಿಸಿದ ದೋಷಗಳು. ಆಗಾಗ್ಗೆ ಸಂಘಟಕರ ಪ್ರೋಗ್ರಾಮು ಬಂದು ಪ್ರತಿ ಸರ್ವರಿನಲ್ಲೂ ಒಂದು ಗುಪ್ತ ಅಕ್ಷರಮಾಲೆಯನ್ನು ಇಟ್ಟುಹೋಗುತ್ತದೆ. ಅದೇ ಬಾವುಟ. ಎದುರಾಳಿಯ ಬಾವುಟ ಕದ್ದರೆ ಅಂಕ. ತನ್ನದನ್ನು ಉಳಿಸಿಕೊಳ್ಳಲು ದೋಷ ಹುಡುಕಿ ತೇಪೆ ಹಾಕಬೇಕು. ಹಾಗಾದರೆ ಸರ್ವರನ್ನೇ ಆರಿಸಿ ಕುಳಿತರಾಯಿತಲ್ಲ? ಆಗದು. ಅದು ಕೆಲಸ ಮಾಡುತ್ತಿದೆಯೇ ಎಂದು ಅದೇ ಪ್ರೋಗ್ರಾಮು ಪರೀಕ್ಷಿಸುತ್ತಲೇ ಇರುತ್ತದೆ. ನಿಂತಿದ್ದರೆ ಅಂಕ ಖೋತಾ. ಕಳ್ಳರ ಭಯಕ್ಕೆ ಬ್ಯಾಂಕು ಬಾಗಿಲು ಹಾಕಿದರೆ ಗಿರಾಕಿಗಳ ಗತಿ? ಅವಸರದಲ್ಲಿ ಹಾಕಿದ ತೇಪೆಯೇ ಯಂತ್ರವನ್ನು ಕೆಡಿಸಿ ಸೋತ ತಂಡಗಳಿಗೆ ಈ ಆಟದಲ್ಲಿ ಬರವಿಲ್ಲ. ಯಾವ ಪಠ್ಯಪುಸ್ತಕವೂ ಇದನ್ನು ಇಷ್ಟು ಖಾರವಾಗಿ ಕಲಿಸಲಾರದು.

ಇದು ಕಳ್ಳತನದ ಶಾಲೆಯಲ್ಲವೇ ಎಂಬ ಆಕ್ಷೇಪ ಹಳೆಯದು, ತಳ್ಳಿಹಾಕುವಂಥದ್ದೂ ಅಲ್ಲ. ಅದಕ್ಕೇ ಆಟದ ಜಾಲವನ್ನು ಹೊರಗಿನ ಜಾಲದಿಂದ ಬೇರ್ಪಡಿಸಿರುತ್ತಾರೆ. ಒಳಗಿನ ಕನ್ನ ಹೊರಗಿನವರ ಗೋಡೆಯನ್ನು ಮುಟ್ಟದು. ಮಾರಿಸ್ ವಿದ್ಯಾರ್ಥಿಯಾಗಿದ್ದಾಗ ಇಂಥ ಬೇಲಿಯೊಳಗಿನ ಬಯಲು ಇರಲಿಲ್ಲ. ಭಾರತದಲ್ಲಿ ಅಮೃತ ವಿಶ್ವವಿದ್ಯಾಪೀಠ 2010ರಲ್ಲಿ ‘ಇನ್‌ಸಿಟಿಎಫ್’ ಹೆಸರಿನಿಂದ ಕಾಲೇಜು ವಿದ್ಯಾರ್ಥಿಗಳಿಗೆ ಅದನ್ನು ತೆರೆಯಿತು.