ನೆಲದಡಿಯ ನದಿಗಳು: ನಗರಕ್ಕೆ ಬಂದ ಮಾಯಾಕಥೆಗಳು

ಫ್ಯಾಂಟಸಿ ಕಾದಂಬರಿ ಎಂದೊಡನೆ ನಮ್ಮಲ್ಲಿ ಅನೇಕ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಮಾಟಗಾರರು, ಡ್ರ್ಯಾಗನ್ನುಗಳು, ಕುಬ್ಜರು ಇವೆಲ್ಲ ಮಕ್ಕಳ ಕಾಲಹರಣದ ಸರಕೇ ಹೊರತು ಬಾಳಿಗೆ ಬೆಳಕು ನೀಡುವ ಸಾಹಿತ್ಯವಲ್ಲ ಎಂಬುದು ಅವರ ನಿಲುವು. ವಾಸ್ತವದಿಂದ ಪಲಾಯನ ಎಂಬ ಆಪಾದನೆಯಂತೂ ಇದ್ದೇ ಇದೆ. ಮೂರು ದಶಕಗಳ ಕಾಲ ಇತಿಹಾಸ ಬೋಧಿಸಿದ ನಾನು ನಿವೃತ್ತಿಯ ಬಿಡುವಿನಲ್ಲಿ ಇಂತಹ ಹಲವು ಇಂಗ್ಲಿಷ್ ಕಾದಂಬರಿಗಳನ್ನು ಓದಿದೆ. ನನ್ನಲ್ಲಿ ಉಳಿದ ಅನಿಸಿಕೆ ಬೇರೆಯೇ ಆಗಿದೆ. ಇವುಗಳಲ್ಲಿ ಉತ್ತಮವಾದವು ಚರಿತ್ರೆಯಿಂದ ಓಡಿಹೋಗುವುದಿಲ್ಲ. ಸಮಾಜವೊಂದು ಕಳೆದುಕೊಂಡದ್ದನ್ನು, ಕೆಲವೊಮ್ಮೆ ತಾನೇ ಹೂತು ಮರೆತದ್ದನ್ನು, ಮತ್ತೆ ನೆನಪಿಗೆ ತರುತ್ತವೆ. ಲಂಡನ್ ನಗರದ ಎರಡು ಕಾದಂಬರಿಗಳನ್ನು ಮುಖ್ಯವಾಗಿ ಇಟ್ಟುಕೊಂಡು ಈ ಮಾತನ್ನು ವಿವರಿಸಲು ಯತ್ನಿಸುತ್ತೇನೆ.

ಅದಕ್ಕೂ ಮುನ್ನ ಈ ಪ್ರಕಾರದ ಹಿರಿಯರನ್ನು ಸ್ಮರಿಸಬೇಕು. 'ದಿ ಲಾರ್ಡ್ ಆಫ್ ದಿ ರಿಂಗ್ಸ್' 1954-55ರಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು. ಅದರ ಕರ್ತೃ ಟೋಲ್ಕಿನ್ 1916ರಲ್ಲಿ ಫ್ರಾನ್ಸಿನ ಸೋಮ್ ರಣಾಂಗಣದ ಕಂದಕಗಳಲ್ಲಿ ಇದ್ದವರು. 1918ರ ವೇಳೆಗೆ ಅವರ ಆಪ್ತ ಗೆಳೆಯರಲ್ಲಿ ಒಬ್ಬರನ್ನುಳಿದು ಎಲ್ಲರೂ ಅಸುನೀಗಿದ್ದರು. ಬಾಲ್ಯವನ್ನು ಕಳೆದ ಸೇರ್‌ಹೋಲ್ ಎಂಬ ಹಳ್ಳಿಯನ್ನು ಬೆಳೆಯುತ್ತಿದ್ದ ಬರ್ಮಿಂಗ್‌ಹ್ಯಾಮ್ ನಗರ ನುಂಗಿಹಾಕಿತು. ಅವರ ಕಥೆಯಲ್ಲಿ ಯುದ್ಧ ಗೆದ್ದು ಊರಿಗೆ ಮರಳಿದವರು ಮರಗಳು ಉರುಳಿರುವುದನ್ನು ಕಂಡು ಕಂಗೆಡುವ ಅಧ್ಯಾಯವನ್ನು ಓದುವಾಗ ಈ ಹಿನ್ನೆಲೆ ನೆನಪಾಗದೆ ಇರದು.

ಅವರ ಸ್ನೇಹಿತ ಸಿ. ಎಸ್. ಲೂಯಿಸ್ 1950ರಲ್ಲಿ ಪ್ರಕಟಿಸಿದ ನಾರ್ನಿಯಾ ಮಾಲೆಯ ಮೊದಲ ಪುಸ್ತಕವೂ ಹಾಗೆಯೇ. ಕಥೆಯ ನಾಲ್ವರು ಮಕ್ಕಳು ಬಾಂಬ್ ದಾಳಿಗೆ ಹೆದರಿ ಲಂಡನ್ನಿನಿಂದ ಹಳ್ಳಿಗೆ ಕಳುಹಿಸಲ್ಪಟ್ಟವರು. 1939ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಬ್ರಿಟನ್ನಿನ ನಗರಗಳಿಂದ ಸುಮಾರು 15 ಲಕ್ಷ ಮಂದಿ ಹೀಗೆ ಹೊರಟರು. ಅವರಲ್ಲಿ ಹೆಚ್ಚಿನವರು ಶಾಲಾಮಕ್ಕಳು. ಲೂಯಿಸರ ಮನೆಯಲ್ಲಿಯೂ ಅಂತಹ ಮಕ್ಕಳು ತಂಗಿದ್ದರು. ನಾರ್ನಿಯಾದ ಹಿಮ ತುಂಬಿದ ಕಾಡಿನ ನಡುವೆ ಒಂದು ಬೀದಿದೀಪದ ಕಂಬ ಒಂಟಿಯಾಗಿ ಉರಿಯುತ್ತಿರುತ್ತದೆ. ಆಗಿನ್ನೂ ಮಾಯೆಯ ವಾಸ ಕಾಡಿನಲ್ಲೇ ಇತ್ತು. ನಗರದಿಂದ ಒಂದು ದೀಪವಷ್ಟೇ ಅಲ್ಲಿಗೆ ಹೋಗಿತ್ತು.

ಮುಂದಿನ ಪೀಳಿಗೆಯ ಲೇಖಕರಿಗೆ ಕಾಡು ಬಾಲ್ಯದ ನೆನಪಾಗಿರಲಿಲ್ಲ. ಅವರು ನಗರದ ಮಕ್ಕಳು. ಹಾಗಾಗಿ ಮಾಯೆಯೇ ನಗರಕ್ಕೆ ಬಂದಿತು. 1980ರ ದಶಕದಿಂದೀಚೆಗೆ ಬಲವಾಗಿ ಬೆಳೆದ ಈ ಬಗೆಯನ್ನು 'ಅರ್ಬನ್ ಫ್ಯಾಂಟಸಿ' ಎನ್ನುತ್ತಾರೆ. ಇದರಲ್ಲಿ ಹೊಸ ಲೋಕದ ನಕ್ಷೆ ಬೇಕಿಲ್ಲ. ನಮ್ಮ ನಿಮ್ಮಂತಹವರು ನಿತ್ಯ ಓಡಾಡುವ ಬೀದಿ, ರೈಲು ನಿಲ್ದಾಣ, ಸೇತುವೆಗಳೇ ಕಥೆಯ ರಂಗಸ್ಥಳ.

ನೀಲ್ ಗೈಮನ್ ಅವರ 'ನೆವರ್‌ವೇರ್' 1996ರಲ್ಲಿ ಬಿಬಿಸಿಯ ಧಾರಾವಾಹಿಯಾಗಿಯೂ ಕಾದಂಬರಿಯಾಗಿಯೂ ಬಂದಿತು. ರಿಚರ್ಡ್ ಎಂಬ ಸಾಮಾನ್ಯ ಗುಮಾಸ್ತ ರಸ್ತೆಬದಿಯಲ್ಲಿ ರಕ್ತ ಸುರಿಸುತ್ತ ಬಿದ್ದ ಹುಡುಗಿಯೊಬ್ಬಳಿಗೆ ನೆರವಾಗುತ್ತಾನೆ. ಮರುದಿನದಿಂದ ಅವನು ಯಾರ ಕಣ್ಣಿಗೂ ಬೀಳನು. ಟ್ಯಾಕ್ಸಿಗಳು ನಿಲ್ಲುವುದಿಲ್ಲ, ಕಚೇರಿಯಲ್ಲಿ ಅವನ ಮೇಜಿಲ್ಲ, ಅವನ ಮನೆಯನ್ನು ಅವನೆದುರಿನಲ್ಲೇ ಬೇರೆಯವರಿಗೆ ಬಾಡಿಗೆಗೆ ತೋರಿಸುತ್ತಾರೆ. ಅವನು ಜಾರಿದ್ದು 'ಕೆಳಗಿನ ಲಂಡನ್'ಗೆ. ಸುರಂಗಗಳಲ್ಲಿ, ಚರಂಡಿಗಳಲ್ಲಿ, ಮುಚ್ಚಿದ ನಿಲ್ದಾಣಗಳಲ್ಲಿ ಬದುಕುವವರ ರಾಜ್ಯಕ್ಕೆ.

ಇದು ಬರಿಯ ಕಲ್ಪನೆಯೇ? 1980ರ ದಶಕದಲ್ಲಿ ಲಂಡನ್ನಿನ ವಾಟರ್ಲೂ ನಿಲ್ದಾಣದ ಬಳಿ ಮನೆಯಿಲ್ಲದ ನೂರಾರು ಮಂದಿ ರಟ್ಟಿನ ಪೆಟ್ಟಿಗೆಗಳಲ್ಲಿ ಮಲಗುತ್ತಿದ್ದರು. ಜನ ಅದನ್ನು 'ಕಾರ್ಡ್‌ಬೋರ್ಡ್ ಸಿಟಿ' ಎಂದೇ ಕರೆದರು. 1998ರಲ್ಲಿ ಅದನ್ನು ತೆರವುಗೊಳಿಸಿದರು; ಮರುವರ್ಷ ಅಲ್ಲಿ ದೊಡ್ಡ ಚಿತ್ರಮಂದಿರ ತೆರೆಯಿತು. ನೆಲದಡಿ ತಂಗುವುದೂ ಆ ಊರಿಗೆ ಹೊಸತಲ್ಲ. 1940ರ ಬಾಂಬ್ ದಾಳಿಯ ರಾತ್ರಿಗಳಲ್ಲಿ ಲಕ್ಷಕ್ಕೂ ಹೆಚ್ಚು ಜನ ಸುರಂಗ ರೈಲಿನ ನಿಲ್ದಾಣಗಳಲ್ಲಿ ಮಲಗಿದರು. 1932ರಲ್ಲೇ ಮುಚ್ಚಿದ ಡೌನ್ ಸ್ಟ್ರೀಟ್ ನಿಲ್ದಾಣವನ್ನು ಯುದ್ಧಕಾಲದಲ್ಲಿ ರೈಲ್ವೆ ಆಡಳಿತದ ರಹಸ್ಯ ಕಚೇರಿಯಾಗಿಸಿದ್ದರು; ಚರ್ಚಿಲ್ ಕೂಡ ಅಲ್ಲಿ ಆಶ್ರಯ ಪಡೆದಿದ್ದುಂಟು. ಬಡವನಾದ ಮನುಷ್ಯ ಉಳಿದವರ ಕಣ್ಣಿಗೆ ಕಾಣದಂತಾಗುತ್ತಾನೆ ಎಂಬುದನ್ನು ಎಷ್ಟು ಅಂಕಿ-ಅಂಶ ಹೇಳಿದರೂ ಮನಸ್ಸಿಗೆ ತಟ್ಟದು. ಗೈಮನ್ ಅದನ್ನು ಅಕ್ಷರಶಃ ನಡೆದ ಘಟನೆಯಾಗಿಸಿದ್ದಾರೆ. ನನ್ನನ್ನು ಕಾಡಿದ್ದು ಅದೇ.

ಎರಡನೆಯ ಕಾದಂಬರಿ ಬೆನ್ ಆರನೊವಿಚ್ ಅವರ 'ರಿವರ್ಸ್ ಆಫ್ ಲಂಡನ್', 2011ರದು. ಪೀಟರ್ ಗ್ರಾಂಟ್ ಎಂಬ ಯುವ ಪೊಲೀಸ್ ಕಾನ್‌ಸ್ಟೆಬಲ್ ಕೋವೆಂಟ್ ಗಾರ್ಡನ್ನಿನ ಚರ್ಚಿನ ಮುಂದೆ ಕೊಲೆಯೊಂದರ ಕಾವಲಿಗೆ ನಿಂತಿರುವಾಗ ಪ್ರೇತವೊಂದು ಬಂದು ಸಾಕ್ಷಿ ಹೇಳುತ್ತದೆ! ಅಲ್ಲಿಂದ ಅವನು ಮಂತ್ರವಿದ್ಯೆಯ ವಿದ್ಯಾರ್ಥಿಯಾಗುತ್ತಾನೆ. ಲೇಖಕರು ಈ ಸ್ಥಳವನ್ನು ಸುಮ್ಮನೆ ಆರಿಸಿಕೊಂಡಿಲ್ಲ. ಕಥೆಯಲ್ಲಿ ಬರುವ 'ಪಂಚ್' ಎಂಬ ಕ್ರೂರ ವಿದೂಷಕನ ಗೊಂಬೆಯಾಟವನ್ನು ಸ್ಯಾಮ್ಯುಯೆಲ್ ಪೀಪ್ಸ್ 1662ರ ಮೇ 9ರಂದು ಇದೇ ಕೋವೆಂಟ್ ಗಾರ್ಡನ್ನಿನಲ್ಲಿ ನೋಡಿದ್ದಾಗಿ ದಿನಚರಿಯಲ್ಲಿ ಬರೆದಿದ್ದಾರೆ.

ಇನ್ನು ಹೆಸರಿನಲ್ಲೇ ಇರುವ ನದಿಗಳ ವಿಚಾರ. ಥೇಮ್ಸ್‌ಗೆ ಸೇರುತ್ತಿದ್ದ ಫ್ಲೀಟ್, ಟೈಬರ್ನ್ ಮುಂತಾದ ಹೊಳೆಗಳು ಕೊಳಚೆ ತುಂಬಿ ಕಾಲಕ್ರಮೇಣ ಕಲ್ಲು-ಇಟ್ಟಿಗೆಯ ಕಮಾನುಗಳಡಿ ಮುಚ್ಚಿಹೋದವು. ಪತ್ರಿಕೆಗಳಿಂದ ಪ್ರಸಿದ್ಧವಾದ ಫ್ಲೀಟ್ ಸ್ಟ್ರೀಟ್‌ಗೆ ಹೆಸರು ಕೊಟ್ಟದ್ದು ಆ ಹೊಳೆಯೇ. ಜಗತ್ತಿನ ಮೊದಲ ಸುರಂಗ ರೈಲುಮಾರ್ಗದ ಕಾಮಗಾರಿ ಸಾಗಿದ್ದಾಗ, 1862ರ ಜೂನ್‌ನಲ್ಲಿ, ಹೂತಿಟ್ಟ ಫ್ಲೀಟ್ ಗೋಡೆ ಒಡೆದು ಒಳನುಗ್ಗಿತು. ಅದಕ್ಕೂ ಮೊದಲು, 1858ರ ಬೇಸಗೆಯಲ್ಲಿ, ಥೇಮ್ಸ್‌ನ ದುರ್ನಾತ ತಡೆಯಲಾರದೆ ಪಾರ್ಲಿಮೆಂಟಿನ ಪರದೆಗಳನ್ನು ಕ್ಲೋರೈಡ್ ಸುಣ್ಣದ ದ್ರಾವಣದಲ್ಲಿ ಅದ್ದಿ ಕಟ್ಟಬೇಕಾಯಿತು. ಆನಂತರವೇ ಬ್ಯಾಜಲ್‌ಗೆಟ್ ಎಂಬ ಎಂಜಿನಿಯರ್ ಒಳಚರಂಡಿಯ ಮಹಾಜಾಲವನ್ನು ನಿರ್ಮಿಸಿದರು.

ಆರನೊವಿಚ್ ಅವರ ಕಥೆಯಲ್ಲಿ ಆ ದುರ್ನಾತದ ಕಾಲಕ್ಕೆ ಥೇಮ್ಸ್‌ನ ಹಳೆಯ ಗಂಡುದೇವತೆ ಊರು ಬಿಟ್ಟು ಹೊಳೆಯ ಮೇಲ್ಭಾಗಕ್ಕೆ ಹೋಗಿಬಿಡುತ್ತಾನೆ. ಬರಿದಾದ ಗದ್ದುಗೆಗೆ ಬರುವವಳು ನರ್ಸಿಂಗ್ ಕಲಿಯಲು ನೈಜೀರಿಯಾದಿಂದ ಬಂದು, ಬದುಕಿನಲ್ಲಿ ಸೋತು ನದಿಗೆ ಹಾರಿದ ಹೆಣ್ಣುಮಗಳು. ಆಕೆಯೇ 'ಮಾಮಾ ಥೇಮ್ಸ್'. ಮುಚ್ಚಿಹೋದ ಹೊಳೆಗಳು ಅವಳ ಹೆಣ್ಣುಮಕ್ಕಳು. 1948ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದ ಮೇಲೆ ಆ ಆಸ್ಪತ್ರೆಗಳನ್ನು ನಡೆಸಲು ಆಫ್ರಿಕಾ, ಕೆರಿಬಿಯನ್ ಹಾಗೂ ನಮ್ಮ ಉಪಖಂಡದಿಂದ ದುಡಿಯುವ ಕೈಗಳು ಬಂದವು. ಊರಿಗೆ ಬೇಕಾಗಿಯೂ ಮರ್ಯಾದೆ ದೊರೆಯದ ಅಂಥವರಲ್ಲಿ ಒಬ್ಬಳನ್ನು ನಗರದ ನದಿದೇವತೆಯಾಗಿಸಿರುವುದು ಚರಿತ್ರೆಯ ಲೆಕ್ಕವನ್ನು ಸರಿಪಡಿಸುವ ಯತ್ನವೆಂದೇ ನನಗೆ ತೋರುತ್ತದೆ. ನೀರಿಗೆ ಆಹುತಿಯಾದ ಹೆಣ್ಣು ದೇವತೆಯಾಗುವ ಕಲ್ಪನೆ ಕನ್ನಡಿಗರಿಗೆ ಅಪರಿಚಿತವಲ್ಲ. 'ಕೆರೆಗೆ ಹಾರ'ದ ಭಾಗೀರಥಿಯನ್ನು ಬಲ್ಲವರು ಈ ಪುಟಗಳನ್ನು ಸುಲಭವಾಗಿ ತಿರುವಿಹಾಕಲಾರರು.

ಎಲ್ಲ ಫ್ಯಾಂಟಸಿಯೂ ಇಂತಹದೆಂದು ನನ್ನ ವಾದವಲ್ಲ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಹ ಪುಸ್ತಕಗಳು ಬೇಕಾದಷ್ಟಿವೆ. ನಗರವು ಅವುಗಳಲ್ಲಿ ಬಣ್ಣದ ಪರದೆ ಮಾತ್ರ. ಲಂಡನ್ ತೆಗೆದು ನ್ಯೂಯಾರ್ಕ್ ಹಾಕಿದರೂ ಕಥೆ ಬದಲಾಗದು. ಕಷ್ಟ ಬಂದೊಡನೆ ಮಂತ್ರ ಪಠಿಸಿ ಪಾರಾಗುವ ನಾಯಕನಿಂದ ಓದುಗನಿಗೆ ದಕ್ಕುವುದೂ ಅಲ್ಪವೇ. ಒಳ್ಳೆಯದನ್ನು ಗುರುತಿಸಲು ನಾನು ಇಟ್ಟುಕೊಂಡ ಅಳತೆಗೋಲು ಒಂದೇ: ಕಥೆಯಲ್ಲಿನ ಮಾಯೆ ಆ ಊರಿನ ನೆಲದಿಂದಲೇ ಹುಟ್ಟಿದೆಯೇ?

ಈ ಪುಸ್ತಕಗಳನ್ನು ಓದಿದ ಮೇಲೆ ನಮ್ಮ ಬೆಂಗಳೂರನ್ನು ಬೇರೆ ಕಣ್ಣಿನಿಂದ ನೋಡುವಂತಾಯಿತು. ಮೆಜೆಸ್ಟಿಕ್ಕಿನ ಬಸ್ ನಿಲ್ದಾಣದಲ್ಲಿ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯಿತ್ತು. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟುತ್ತಾಳೆಂದು ಹಿರಿಯರು ನಂಬಿದ ವೃಷಭಾವತಿ ಇಂದು ನಗರದ ಕೊಳಚೆಯನ್ನು ಹೊತ್ತು ಅರ್ಕಾವತಿಯನ್ನೂ ಅದರ ಮೂಲಕ ಕಾವೇರಿಯನ್ನೂ ಸೇರುತ್ತಿದ್ದಾಳೆ. ಬಾವಿಗೂ ಅರಿಶಿನ-ಕುಂಕುಮವಿಟ್ಟು ಗಂಗೆ ಪೂಜೆ ಮಾಡುವ ನಾವು ಹರಿಯುವ ನದಿಯನ್ನೇ ಮೋರಿ ಎಂದು ಕರೆಯುತ್ತಿದ್ದೇವೆ. ಅವಳೇನಾದರೂ ಕಾದಂಬರಿಯ ಪಾತ್ರವಾಗಿ ಎದ್ದುಬಂದರೆ ನಮಗೆ ಏನು ಹೇಳಿಯಾಳು? ಇದನ್ನು ಓದುವ ತರುಣ ಮಿತ್ರರಲ್ಲಿ ಬರೆಯುವ ಕೈ ಇದ್ದವರು ಆ ಕಾದಂಬರಿಯನ್ನು ಬರೆಯಲಿ. ಬರೆಯುವ ಮುನ್ನ, ತಮ್ಮ ಬಡಾವಣೆ ಎದ್ದುನಿಂತ ಜಾಗದಲ್ಲಿ ಮೊದಲು ಯಾವ ಕೆರೆಯಿತ್ತು, ಯಾವ ಕಾಲುವೆ ಹರಿಯುತ್ತಿತ್ತು ಎಂಬುದನ್ನು ಮನೆಯ ಹಿರಿಯರಲ್ಲಿ ಒಮ್ಮೆ ಕೇಳಿ ತಿಳಿದುಕೊಳ್ಳಲಿ.