ಡಿಪ್ಲೊಮಾ ನಂತರ ಉದ್ಯೋಗವೋ, ಉನ್ನತ ವ್ಯಾಸಂಗವೋ? – ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಅಭ್ಯರ್ಥಿಗಳಿಗೆ ಮಾಹಿತಿ

1. ಪೀಠಿಕೆ

ಪಾಲಿಟೆಕ್ನಿಕ್‌ಗಳಲ್ಲಿ ಮೂರು ವರ್ಷಗಳ ಇಂಜಿನಿಯರಿಂಗ್ ಡಿಪ್ಲೊಮಾ ಪೂರೈಸಿದ ಅಭ್ಯರ್ಥಿಗಳು ಕೆಲಸಕ್ಕೆ ಸೇರಬೇಕೇ ಅಥವಾ ಬಿ.ಇ. ಪದವಿಗೆ ಪ್ರವೇಶ ಪಡೆಯಬೇಕೇ ಎಂಬುದನ್ನು ಅಲ್ಪಾವಧಿಯಲ್ಲಿ ನಿರ್ಧರಿಸಬೇಕಾಗುತ್ತದೆ. ಕುಟುಂಬದ ಸಾಲ, ಕೃಷಿ ಆದಾಯ ಹಾಗೂ ಅಭ್ಯರ್ಥಿಯ ಮುಂದಿನ ಜೀವನ ಈ ನಿರ್ಧಾರವನ್ನು ಅವಲಂಬಿಸಿರುತ್ತವೆ. ಆದುದರಿಂದ ಎರಡೂ ಮಾರ್ಗಗಳ ನಿಯಮ, ವೆಚ್ಚ ಮತ್ತು ಅಗತ್ಯ ದಾಖಲೆಗಳ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಮೊದಲಿಗೆ ಗಮನಿಸಬೇಕಾದ ಅಂಶವೆಂದರೆ, ಪದವಿ ಪ್ರವೇಶದ ಅವಕಾಶವು ಈ ವರ್ಷಕ್ಕೇ ಮುಗಿಯುವುದಿಲ್ಲ. ಹಿಂದಿನ ವರ್ಷಗಳಲ್ಲಿ ಡಿಪ್ಲೊಮಾ ತೇರ್ಗಡೆಯಾದವರೂ ಅರ್ಜಿ ಸಲ್ಲಿಸಬಹುದು. ಆದರೆ ಅಪ್ರೆಂಟಿಸ್ (ಶಿಶಿಕ್ಷು) ತರಬೇತಿಯ ಅವಕಾಶವು ಕಾಲಮಿತಿಗೆ ಒಳಪಟ್ಟಿದೆ. ಯಾವ ಅವಕಾಶ ಎಂದು ಮುಕ್ತಾಯಗೊಳ್ಳುತ್ತದೆ ಎಂಬುದನ್ನು ಅರಿತು ನಿರ್ಧಾರ ಕೈಗೊಳ್ಳುವುದು ಸೂಕ್ತ.

2. ಸ್ಥಳೀಯ ಉದ್ಯೋಗಾವಕಾಶಗಳು

ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗಗಳನ್ನು ತಯಾರಿಸುವ ವಿಶೇಷ ಆರ್ಥಿಕ ವಲಯವಿದೆ. ಮೆಕ್ಯಾನಿಕಲ್ ವಿಭಾಗದವರಿಗೆ, ವಿಶೇಷವಾಗಿ ಸಿ.ಎನ್.ಸಿ. ಯಂತ್ರಗಳ ಅನುಭವ ಉಳ್ಳವರಿಗೆ, ಇದು ಸಮೀಪದ ಉದ್ಯೋಗ ಕೇಂದ್ರ. ಬೆಳಗಾವಿಯ ಉದ್ಯಮಬಾಗ ಹಾಗೂ ಗಡಿಯಾಚೆಯ ಕೊಲ್ಹಾಪುರದ ಫೌಂಡ್ರಿ ಮತ್ತು ಯಂತ್ರಾಗಾರಗಳಿಗೂ ಈ ಭಾಗದ ಅಭ್ಯರ್ಥಿಗಳು ತೆರಳುತ್ತಾರೆ. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ತಾಲ್ಲೂಕಿನಲ್ಲಿ ವಿದ್ಯುತ್ ವಿತರಣೆ ಮಾಡುತ್ತಿದೆ.

ಮೂರೂ ತಾಲ್ಲೂಕುಗಳಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಇಲ್ಲಿ ಕೆಲಸಕ್ಕೆ ಸೇರುವ ಮುನ್ನ ಹುದ್ದೆಯು ಖಾಯಂ ಸ್ವರೂಪದ್ದೋ ಅಥವಾ ಕಬ್ಬು ಅರೆಯುವ ಹಂಗಾಮಿಗೆ ಸೀಮಿತವೋ ಎಂಬುದನ್ನು ನೇಮಕಾತಿ ಪತ್ರದಲ್ಲಿಯೇ ಖಚಿತಪಡಿಸಿಕೊಳ್ಳತಕ್ಕದ್ದು. ಹಂಗಾಮು ಮುಗಿದ ತಿಂಗಳುಗಳಲ್ಲಿ ವೇತನ ದೊರೆಯದಿದ್ದಲ್ಲಿ ವಾರ್ಷಿಕ ಆದಾಯದ ಲೆಕ್ಕವೇ ಬದಲಾಗುತ್ತದೆ.

ಸರ್ಕಾರಿ ಹಾಗೂ ನಿಗಮಗಳ ಹುದ್ದೆಗಳಲ್ಲಿ ಕಿರಿಯ ಇಂಜಿನಿಯರ್ ಹುದ್ದೆಗೆ ಸಾಮಾನ್ಯವಾಗಿ ಡಿಪ್ಲೊಮಾ, ಸಹಾಯಕ ಇಂಜಿನಿಯರ್ ಹುದ್ದೆಗೆ ಬಿ.ಇ. ಪದವಿ ನಿಗದಿಪಡಿಸಲಾಗಿದೆ. ರೈಲ್ವೆಯ ಕಿರಿಯ ಇಂಜಿನಿಯರ್ ಹುದ್ದೆಗೂ ಡಿಪ್ಲೊಮಾದವರು ಅರ್ಹರು. ಅಪೇಕ್ಷಿತ ಹುದ್ದೆಗೆ ಡಿಪ್ಲೊಮಾ ಸಾಕಾಗುವುದಾದರೆ, ಆ ಹುದ್ದೆಗೆಂದೇ ಮೂರು ವರ್ಷ ಪದವಿ ವ್ಯಾಸಂಗ ಮಾಡುವ ಅಗತ್ಯವಿರುವುದಿಲ್ಲ.

3. ಅಪ್ರೆಂಟಿಸ್ ತರಬೇತಿ

ಶಿಶಿಕ್ಷು ಅಧಿನಿಯಮ, 1961ರಡಿ ಡಿಪ್ಲೊಮಾ ಪಡೆದವರಿಗೆ ಒಂದು ವರ್ಷದ ತರಬೇತಿಗೆ ಅವಕಾಶವಿದೆ. 2019ರಲ್ಲಿ ತಿದ್ದುಪಡಿಯಾದ ನಿಯಮಗಳಂತೆ ಡಿಪ್ಲೊಮಾದವರಿಗೆ ಮಾಸಿಕ ಕನಿಷ್ಠ ರೂ. 8,000 ಹಾಗೂ ಪದವೀಧರರಿಗೆ ರೂ. 9,000 ಶಿಷ್ಯವೇತನ ನಿಗದಿಯಾಗಿತ್ತು. ಅರ್ಜಿ ಸಲ್ಲಿಸುವಾಗ ಜಾರಿಯಲ್ಲಿರುವ ದರವನ್ನು ರಾಷ್ಟ್ರೀಯ ಶಿಷ್ಯವೃತ್ತಿ ತರಬೇತಿ ಯೋಜನೆಯ ಜಾಲತಾಣದಲ್ಲಿ ಪರಿಶೀಲಿಸುವುದು.

ಡಿಪ್ಲೊಮಾ ನಂತರ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಅವಧಿಯ ಉದ್ಯೋಗಾನುಭವ ಹೊಂದಿದವರು ಈ ತರಬೇತಿಗೆ ಅರ್ಹರಾಗುವುದಿಲ್ಲ. ಆದುದರಿಂದ ಕೆಲಸ ಮತ್ತು ವ್ಯಾಸಂಗದ ನಡುವೆ ನಿರ್ಧರಿಸಲಾಗದವರು ಮೊದಲ ವರ್ಷವನ್ನು ಅಪ್ರೆಂಟಿಸ್ ತರಬೇತಿಗೆ ಬಳಸಿಕೊಂಡು, ಮರುವರ್ಷ ಪದವಿ ಪ್ರವೇಶ ಪರೀಕ್ಷೆಗೆ ಕುಳಿತುಕೊಳ್ಳಬಹುದು.

4. ಬಿ.ಇ. ಪದವಿಗೆ ಪ್ರವೇಶ

ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುವ ಡಿಪ್ಲೊಮಾ ಸಾಮಾನ್ಯ ಪ್ರವೇಶ ಪರೀಕ್ಷೆಯ (ಡಿ.ಸಿ.ಇ.ಟಿ.) ಮೂಲಕ ಬಿ.ಇ. ಎರಡನೇ ವರ್ಷಕ್ಕೆ, ಅಂದರೆ ಮೂರನೇ ಸೆಮಿಸ್ಟರ್‌ಗೆ, ನೇರ ಪ್ರವೇಶ ದೊರೆಯುತ್ತದೆ. ಡಿಪ್ಲೊಮಾದಲ್ಲಿ ಕನಿಷ್ಠ ಶೇ. 45 ಅಂಕಗಳು ಅಗತ್ಯ. ಮೀಸಲಾತಿ ವರ್ಗದವರಿಗೆ ಶೇ. 40.

ಹುಕ್ಕೇರಿ ತಾಲ್ಲೂಕಿನ ನಿಡಸೋಸಿಯಲ್ಲಿ ಹಿರಾಶುಗರ್ ತಾಂತ್ರಿಕ ಮಹಾವಿದ್ಯಾಲಯವಿದೆ. ಚಿಕ್ಕೋಡಿ ಹಾಗೂ ಬೆಳಗಾವಿಯಲ್ಲಿಯೂ ಇಂಜಿನಿಯರಿಂಗ್ ಕಾಲೇಜುಗಳಿವೆ. ಮನೆಯಿಂದ ಬಸ್ಸಿನಲ್ಲಿ ಓಡಾಡಲು ಸಾಧ್ಯವಾದರೆ ವಸತಿ ವೆಚ್ಚ ಉಳಿಯುತ್ತದೆ. ಕಾಲೇಜುಗಳ ಆಯ್ಕೆ ನಮೂದಿಸುವಾಗ ಇದನ್ನೂ ಪರಿಗಣಿಸುವುದು.

ಪಾಲಿಟೆಕ್ನಿಕ್‌ನಿಂದ ಬಂದವರಿಗೆ ಬಿ.ಇ.ಯಲ್ಲಿ ಕಠಿಣವೆನಿಸುವ ವಿಷಯ ಸಾಮಾನ್ಯವಾಗಿ ಗಣಿತ. ಆದುದರಿಂದ ತರಗತಿ ಆರಂಭವಾಗುವ ಮುನ್ನವೇ ಗಣಿತದ ಅಭ್ಯಾಸ ಕೈಗೊಳ್ಳುವುದು ಒಳಿತು.

ಉದ್ಯೋಗದಲ್ಲಿರುವವರಿಗಾಗಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2023-24ನೇ ಸಾಲಿನಿಂದ ಕೆಲವು ಕಾಲೇಜುಗಳಲ್ಲಿ ಅನುಕೂಲಕರ ವೇಳೆಯಲ್ಲಿ ಬಿ.ಇ. ತರಗತಿ ನಡೆಸಲು ಅನುಮತಿ ನೀಡಿದೆ. ಇದಕ್ಕೆ ಕನಿಷ್ಠ ಒಂದು ವರ್ಷದ ಉದ್ಯೋಗಾನುಭವ ಬೇಕು ಮತ್ತು ಕೆಲಸದ ಸ್ಥಳವು ಕಾಲೇಜಿನಿಂದ ನಿಗದಿತ ದೂರದೊಳಗೆ ಇರಬೇಕು.

5. ವೆಚ್ಚದ ಲೆಕ್ಕ ಮಾಡುವ ಕ್ರಮ

ಬಹುತೇಕ ಕುಟುಂಬಗಳು ಕಾಲೇಜಿನ ಶುಲ್ಕವನ್ನು ಮಾತ್ರ ವೆಚ್ಚವೆಂದು ಪರಿಗಣಿಸುತ್ತವೆ. ಮೂರು ವರ್ಷ ಕೈಬಿಟ್ಟ ಉಳಿತಾಯವೂ ವೆಚ್ಚವೇ ಆಗಿದೆ. ಕೆಳಗಿನ ಅಂಕಿಗಳು ಲೆಕ್ಕದ ಕ್ರಮವನ್ನು ತಿಳಿಸಲು ಮಾತ್ರ. ಪ್ರತಿಯೊಬ್ಬರೂ ತಮ್ಮ ಅಂಕಿಗಳನ್ನು ಹಾಕಿಕೊಳ್ಳತಕ್ಕದ್ದು.

ಅ) ಮಾಸಿಕ ವೇತನ ರೂ. 14,000, ಕೊಠಡಿ, ಊಟ ಮತ್ತು ಪ್ರಯಾಣದ ವೆಚ್ಚ ರೂ. 6,000, ಉಳಿತಾಯ ರೂ. 8,000. ಮೂರು ವರ್ಷಗಳಿಗೆ ರೂ. 2,88,000.
ಆ) ಪದವಿಗೆ ಶುಲ್ಕ, ಪುಸ್ತಕ ಮತ್ತು ಪ್ರಯಾಣ ಸೇರಿ ವರ್ಷಕ್ಕೆ ರೂ. 70,000. ಮೂರು ವರ್ಷಗಳಿಗೆ ರೂ. 2,10,000.
ಇ) ಪದವಿಯ ನಿಜವಾದ ವೆಚ್ಚ (ಅ + ಆ) ರೂ. 4,98,000.

ಪದವಿಯ ನಂತರ ದೊರೆಯುವ ವೇತನವು, ಅಷ್ಟರಲ್ಲಿ ಡಿಪ್ಲೊಮಾ ನೌಕರನು ಪಡೆಯುತ್ತಿರುವ ವೇತನಕ್ಕಿಂತ ತಿಂಗಳಿಗೆ ರೂ. 8,000 ಹೆಚ್ಚಿದ್ದರೆ ಈ ಮೊತ್ತ ಸುಮಾರು 62 ತಿಂಗಳಲ್ಲಿ ಮರಳುತ್ತದೆ. ವ್ಯತ್ಯಾಸ ರೂ. 4,000 ಮಾತ್ರವಾದರೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕಾಗುತ್ತದೆ. ಸಾಲ ಮಾಡಿದ್ದಲ್ಲಿ ಬಡ್ಡಿಯನ್ನೂ ಸೇರಿಸತಕ್ಕದ್ದು. ಕಬ್ಬಿನ ಬಿಲ್ಲಿನ ಹಣದಿಂದ ಶುಲ್ಕ ಕಟ್ಟುವ ಕುಟುಂಬಗಳು, ಬಿಲ್ಲು ತಡವಾದರೆ ಶುಲ್ಕದ ಕೊನೆಯ ದಿನಾಂಕಕ್ಕೆ ಬದಲಿ ಏರ್ಪಾಡು ಏನೆಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳುವುದು.

6. ಆರ್ಥಿಕ ನೆರವು

ಅ) ಅರ್ಹ ವರ್ಗಗಳ ವಿದ್ಯಾರ್ಥಿಗಳು ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದ ಮೂಲಕ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸಬಹುದು.
ಆ) ಹಿಂದುಳಿದ ವರ್ಗಗಳ ಹಾಗೂ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳಲ್ಲಿ "ಅರಿವು" ಶೈಕ್ಷಣಿಕ ಸಾಲ ಯೋಜನೆ ಇದೆ.
ಇ) ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಮರುಪಾವತಿಯು ಸಾಮಾನ್ಯವಾಗಿ ವ್ಯಾಸಂಗ ಮುಗಿದ ಒಂದು ವರ್ಷದ ನಂತರ ಆರಂಭವಾಗುತ್ತದೆ.
ಈ) ರಾಜ್ಯ ಸರ್ಕಾರದ "ಯುವನಿಧಿ" ಯೋಜನೆಗೆ 2023ರ ಡಿಸೆಂಬರ್‌ನಲ್ಲಿ ನೋಂದಣಿ ಆರಂಭವಾಯಿತು. ಈ ಯೋಜನೆಯಂತೆ ತೇರ್ಗಡೆಯಾಗಿ 180 ದಿನ ಕಳೆದರೂ ಉದ್ಯೋಗ ದೊರೆಯದ ಡಿಪ್ಲೊಮಾದವರಿಗೆ ಮಾಸಿಕ ರೂ. 1,500ರಂತೆ ಗರಿಷ್ಠ ಎರಡು ವರ್ಷ ಭತ್ಯೆ ನೀಡಲಾಗುತ್ತದೆ. ಉನ್ನತ ವ್ಯಾಸಂಗದಲ್ಲಿ ಅಥವಾ ಅಪ್ರೆಂಟಿಸ್ ತರಬೇತಿಯಲ್ಲಿ ಇರುವವರು ಇದಕ್ಕೆ ಅರ್ಹರಲ್ಲ.

7. ಸಿದ್ಧಪಡಿಸಿಕೊಳ್ಳಬೇಕಾದ ದಾಖಲೆಗಳು

- ಎಸ್.ಎಸ್.ಎಲ್.ಸಿ. ಹಾಗೂ ಡಿಪ್ಲೊಮಾದ ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ
- ರಾಜ್ಯದಲ್ಲಿ ವ್ಯಾಸಂಗ ಮಾಡಿದ ಬಗ್ಗೆ ಪ್ರಮಾಣಪತ್ರ
- ಜಾತಿ ಮತ್ತು ಆದಾಯ ಪ್ರಮಾಣಪತ್ರ (ಸಂಬಂಧಪಟ್ಟ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸುವುದು)
- ಗ್ರಾಮೀಣ ಅಥವಾ ಕನ್ನಡ ಮಾಧ್ಯಮ ಮೀಸಲಾತಿ ಕೋರುವವರು 1ರಿಂದ 10ನೇ ತರಗತಿಯ ವ್ಯಾಸಂಗ ಪ್ರಮಾಣಪತ್ರ. ಗ್ರಾಮೀಣ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು

ಮೂಡಲಗಿಯು ಪ್ರತ್ಯೇಕ ತಾಲ್ಲೂಕಾಗುವ ಮುನ್ನ ಗೋಕಾಕ ತಾಲ್ಲೂಕಿನಲ್ಲಿದ್ದುದರಿಂದ, ಈ ಭಾಗದವರ ಹಳೆಯ ಶಾಲಾ ದಾಖಲೆಗಳಲ್ಲಿ ಗೋಕಾಕ ಎಂದು ನಮೂದಾಗಿರುವುದು ಸಹಜ. ಹೆಸರು ಮತ್ತು ಜನ್ಮದಿನಾಂಕ ಎಲ್ಲ ದಾಖಲೆಗಳಲ್ಲಿ ಒಂದೇ ರೀತಿ ಇವೆಯೇ ಎಂಬುದನ್ನು ಅರ್ಜಿ ಸಲ್ಲಿಸುವ ಮುನ್ನ ಪರಿಶೀಲಿಸುವುದು.

8. ಎಚ್ಚರಿಕೆ

ಅ) ಮೂಲ ಅಂಕಪಟ್ಟಿಗಳನ್ನು ಉದ್ಯೋಗದಾತರ ವಶಕ್ಕೆ ಒಪ್ಪಿಸಬಾರದು. ಮೂಲ ದಾಖಲೆಗಳು ಕೈಯಲ್ಲಿ ಇಲ್ಲದಿದ್ದರೆ ಮರುವರ್ಷದ ಪ್ರವೇಶ ಕೈತಪ್ಪಬಹುದು.
ಆ) ಅಂಚೆ ಅಥವಾ ದೂರಶಿಕ್ಷಣದ ಮೂಲಕ ಬಿ.ಇ. ಕೊಡಿಸುವುದಾಗಿ ಹೇಳುವವರನ್ನು ನಂಬಬಾರದು. ಪರಿಭಾವಿತ ವಿಶ್ವವಿದ್ಯಾಲಯಗಳು ಅನುಮೋದನೆಯಿಲ್ಲದೆ ಈ ರೀತಿ ನೀಡಿದ ಇಂಜಿನಿಯರಿಂಗ್ ಪದವಿಗಳ ವಿರುದ್ಧ ಸರ್ವೋಚ್ಚ ನ್ಯಾಯಾಲಯವು 2017ರ ನವೆಂಬರ್‌ನಲ್ಲಿ ತೀರ್ಪು ನೀಡಿದೆ.
ಇ) ಸೀಟು ಖಚಿತಪಡಿಸಿಕೊಂಡ ನಂತರ ರದ್ದುಪಡಿಸಿದಲ್ಲಿ ಪ್ರಾಧಿಕಾರದ ನಿಯಮದಂತೆ ಶುಲ್ಕ ನಷ್ಟವಾಗಬಹುದು. ನಿರ್ಧಾರವನ್ನು ಅದಕ್ಕೆ ಮುನ್ನವೇ ಕೈಗೊಳ್ಳತಕ್ಕದ್ದು.

9. ಸಾರಾಂಶ

ಅಪೇಕ್ಷಿತ ಹುದ್ದೆಗೆ ಪದವಿ ಕಡ್ಡಾಯವಾಗಿದ್ದು, ಮೂರು ವರ್ಷಗಳ ವೆಚ್ಚಕ್ಕೆ ದಾರಿ ಇದ್ದಲ್ಲಿ ಈ ವರ್ಷವೇ ಪ್ರವೇಶ ಪಡೆಯುವುದು ಸೂಕ್ತ. ಮನೆಗೆ ಆದಾಯ ತುರ್ತಾಗಿ ಬೇಕಿದ್ದಲ್ಲಿ ಉದ್ಯೋಗಕ್ಕೆ ಸೇರುವುದರಿಂದ ವ್ಯಾಸಂಗ ಕೊನೆಗೊಂಡಂತೆ ಆಗುವುದಿಲ್ಲ. ಯಾವುದೂ ಖಚಿತವಾಗದಿದ್ದಲ್ಲಿ ಅಪ್ರೆಂಟಿಸ್ ತರಬೇತಿಯನ್ನು ಮೊದಲು ಪರಿಗಣಿಸುವುದು. ಪರೀಕ್ಷೆಯ ದಿನಾಂಕ, ಶುಲ್ಕ ಮತ್ತು ಮೀಸಲಾತಿ ವಿವರಗಳು ಪ್ರತಿವರ್ಷ ಬದಲಾಗುವುದರಿಂದ ಆಯಾ ಸಾಲಿನ ಅಧಿಸೂಚನೆಯನ್ನೇ ಅಂತಿಮವೆಂದು ಪರಿಗಣಿಸತಕ್ಕದ್ದು. ಹೆಚ್ಚಿನ ಮಾಹಿತಿಗಾಗಿ ತಾವು ವ್ಯಾಸಂಗ ಮಾಡಿದ ಪಾಲಿಟೆಕ್ನಿಕ್‌ನ ಪ್ರಾಂಶುಪಾಲರನ್ನು ಅಥವಾ ಬೆಳಗಾವಿಯ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.